ಮಡಿವಂತನ ನೆಲಮಾಳಿಗೆ

ನಲವತ್ತು ದಾಟಿದ ಮೇಲೆ ನನ್ನ ಭಾವನಿಗೆ ಮೂಗು ಬಂತು. ಅಲ್ಲಿಯವರೆಗೆ ಅದು ಕನ್ನಡಕ ಕೂರಿಸಿಕೊಳ್ಳುವುದಕ್ಕೆ ಮಾತ್ರ ಇತ್ತು. ಸಾರಿಗೆ ಉಪ್ಪು ಬಿದ್ದಿಲ್ಲ ಎನ್ನುವುದು ಅಕ್ಕ ಊಟಕ್ಕೆ ಕೂತಾಗಲೇ ಗೊತ್ತಾಗಬೇಕು; ಅಷ್ಟರಲ್ಲಿ ಇವರು ಇನ್ನಷ್ಟು ಹಾಕಿಸಿಕೊಂಡು ಉಂಡು, ಕೈ ತೊಳೆದು, ಟೀವಿಯ ಮುಂದೆ ಕಾಲು ಚಾಚಿರುತ್ತಿದ್ದರು. ಅಂಥ ಮನುಷ್ಯ ಒಂದು ಭಾನುವಾರ ಸಿಂಗಪುರದ ಪಾಸಿರ್ ರಿಸ್‌ನ ತಮ್ಮ ಕಾಂಡೋ ಫ್ಲ್ಯಾಟಿನಲ್ಲಿ ವೈನಿನ ಲೋಟದೊಳಕ್ಕೆ ಮೂಗು ತೂರಿಸಿ, ಕಣ್ಣು ಮುಚ್ಚಿ, “ಲೆದರ್,” ಅಂದರು. “ಸ್ವಲ್ಪ ತಂಬಾಕು. ಕೊನೇಲಿ ಒದ್ದೆ ಮಣ್ಣು.”

“ಚಪ್ಪಲಿ, ಹೊಗೆಸೊಪ್ಪು, ಕೆಸರು. ಇದನ್ನ ದುಡ್ಡು ಕೊಟ್ಟು ಕುಡೀತಾರಾ ಭಾವ?” ಅಂತ ಕೇಳಿದೆ.

“ನಿನಗೆ ಪ್ಯಾಲೆಟ್ ಇಲ್ಲ ಕಣಮ್ಮಾ, ರುಚಿ ಗೊತ್ತಾಗಲ್ಲ, ಬಿಡು,” ಅಂದರು. ಪ್ಯಾಲೆಟ್ ಎಂದರೆ ನನಗೆ ಗೊತ್ತಿದ್ದದ್ದು ಹಡಗಿನ ಸಾಮಾನು ಪೇರಿಸಿಡುವ ಮರದ ಹಲಗೆ. ನಾನು ಪಾಸಿರ್ ಪಂಜಾಂಗಿನ ಶಿಪ್ಪಿಂಗ್ ಆಫೀಸೊಂದರಲ್ಲಿ ಕಂಟೇನರ್ ಬುಕಿಂಗ್ ನೋಡಿಕೊಳ್ಳುತ್ತಿದ್ದೆ. ಆಂಗ್ ಮೋ ಕಿಯೋದಲ್ಲಿ ಒಂದು ಬಾಡಿಗೆ ರೂಮು, ಮದುವೆ ಇಲ್ಲ, ಎಲುಬಿಲ್ಲದ ನಾಲಿಗೆ. ಭಾನುವಾರ ಅಕ್ಕನ ಕೈಯಡುಗೆಯ ಆಸೆಗೆ ಪಾಸಿರ್ ರಿಸ್‌ಗೆ ಹೋಗುತ್ತಿದ್ದೆ. ಭಾವನನ್ನು ಸಹಿಸಿಕೊಳ್ಳುವುದು ಆ ಊಟದ ಜೊತೆಗೆ ಬರುವ ಹಾಗಲಕಾಯಿ ಎಂದುಕೊಂಡಿದ್ದೆ.

ತೊಂಬತ್ತರ ದಶಕದ ನಡುವಿನ ಮಾತು ಇದು. ಕೆಂಪು ವೈನು ಹೃದಯಕ್ಕೆ ಒಳ್ಳೆಯದಂತೆ ಎಂದು ಯಾರೋ ಅಂದದ್ದೇ ತಡ, ಇಡೀ ಸಿಂಗಪುರ ಅದರ ಹಿಂದೆ ಬಿದ್ದಿತ್ತು. ನಮ್ಮ ಮೈಸೂರು ಕಡೆಯ ಇಂಜಿನಿಯರುಗಳು, ಬ್ಯಾಂಕಿನವರು ಅದಕ್ಕೆ ಐಸು ಹಾಕಿ, ಮೇಲೆ ಸಿಹಿ ಸೋಡಾ ಸುರಿದು, ಬಿಸಿಬೇಳೆಬಾತಿನ ಜೊತೆ ಔಷಧಿ ಕುಡಿದಂತೆ ಕುಡಿಯುತ್ತಿದ್ದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ರುಚಿ ಹಿಡಿಸದಿದ್ದರೂ ಹೃದಯ ಉಳಿಯಲಿ ಎನ್ನುವ ಪ್ರಾಮಾಣಿಕರು. ಭಾವನದು ಬೇರೆ ಜಾತಿ. ಅವರ ಬ್ಯಾಂಕಿನ ದೊಡ್ಡವರೆಲ್ಲ ಲೋಟ ತಿರುಗಿಸುತ್ತಿದ್ದರು, ಆದ್ದರಿಂದ ಇವರೂ ತಿರುಗಿಸಿದರು. ಕೋತಿಗೆ ಹೆಂಡ ಕುಡಿಸಿದರೆ ಕುಣಿಯುತ್ತದಂತೆ. ಇವರು ಕುಡಿಯುವ ಮೊದಲೇ ಕುಣಿಯುತ್ತಿದ್ದರು.

ಕುಣಿತಕ್ಕೆ ರಂಗ ಅಕ್ಕನ ಮನೆ. ತಿಂಗಳಿಗೊಂದು ಶನಿವಾರ ಅಲ್ಲಿ ವೈನ್ ಟೇಸ್ಟಿಂಗ್. ಆ ವಾರ ಗುರುವಾರದಿಂದಲೇ ಮನೆಯಲ್ಲಿ ಇಂಗಿನ ಒಗ್ಗರಣೆ ನಿಷಿದ್ಧ. ಊದುಬತ್ತಿ ಹಚ್ಚುವಂತಿಲ್ಲ. ಲಿಟಲ್ ಇಂಡಿಯಾದಿಂದ ತಂದ ಮಲ್ಲಿಗೆ ಮುಡಿಯುವಂತಿಲ್ಲ. ಶನಿವಾರ ಬೆಳಿಗ್ಗೆ ಫಿಲ್ಟರಿಗೆ ಕಾಫಿಪುಡಿ ಕೂಡ ಹಾಕುವಂತಿಲ್ಲ. “ಗೆಸ್ಟ್ಸ್ ಬರೋ ಹೊತ್ತಿಗೆ ಮನೆ ನ್ಯೂಟ್ರಲ್ ಆಗಿರ್ಬೇಕು ಕಣೇ,” ಎಂದು ಭಾವ ಅಪ್ಪಣೆ ಕೊಟ್ಟಿದ್ದರು. ಅಕ್ಕ ಚೀಸು, ಬಿಸ್ಕತ್ತು ತಂದಿಟ್ಟು, ಒಂದು ನಗು ನಕ್ಕು, ದೇವರ ಮನೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದಳು. ಅವಳು ಎಂದೂ ಬಾಯಿ ಬಿಟ್ಟು ಬೇಡ ಎಂದದ್ದನ್ನು ನಾನು ಕೇಳಿಲ್ಲ. ಇದು ನನಗೆ ಅವಳ ಮೇಲಿದ್ದ ಸಿಟ್ಟು.

ದೇವರ ಮನೆ ಎಂದರೆ ಅಡುಗೆಮನೆಯ ಪಕ್ಕದ ಸ್ಟೋರ್ ರೂಮು. ಅಕ್ಕ ಆ ಗೂಡಿಗೆ ಹಲಗೆ ಹೊಡೆಸಿ, ದೇವರುಗಳನ್ನು ಕೂರಿಸಿ, ಒಂದು ಮಣೆ ಹಾಕಿಕೊಂಡಿದ್ದಳು. ಇಬ್ಬರು ಒಟ್ಟಿಗೆ ಕೂತರೆ ಮಂಡಿಗೆ ಮಂಡಿ ತಾಗುವಷ್ಟು ಜಾಗ.

ಆ ಜಾಗದ ಮೇಲೆ ಭಾವನ ಕಣ್ಣು ಬಿತ್ತು. ಅವರು ಬ್ಯಾಂಕು ಬಿಟ್ಟು ವೈನ್ ಏಜೆಂಟ್ ಆಗಬೇಕೆಂದು ಹೊರಟಿದ್ದರು. ಇಟಲಿಯ ಉತ್ತರದ ಗುಡ್ಡಗಳಲ್ಲಿ ಒಬ್ಬ ಮುದುಕನಂತೆ. ತಲೆಮಾರುಗಳಿಂದ ಒಂದೇ ಬಗೆಯ ವೈನು ಮಾಡುವ ಮನೆತನವಂತೆ. ಒಂದು ದೇಶಕ್ಕೆ ಒಬ್ಬನಿಗೇ ಮಾರುತ್ತಾನಂತೆ, ಅದೂ ಆ ಮನುಷ್ಯನನ್ನೂ ವೈನು ಮಲಗುವ ಜಾಗವನ್ನೂ ನೋಡಿದ ಮೇಲೆ. ಸಿಂಗಪುರಕ್ಕೆ ಇನ್ನೂ ಯಾರಿಲ್ಲ. ಭಾವ ಫ್ಯಾಕ್ಸ್ ಮೇಲೆ ಫ್ಯಾಕ್ಸ್ ಕಳಿಸಿ ಮುದುಕನ ಭೇಟಿ ಗಿಟ್ಟಿಸಿದ್ದರು. ಈಗ ವೈನಿಗೆ ಮಲಗುವ ಕೋಣೆ ಬೇಕಾಗಿತ್ತು: ಬಿಸಿಲು ಬೀಳದ, ಕಿಟಕಿಯಿಲ್ಲದ, ಏರ್‌ಕಾನ್ ಹಾಕಿದರೆ ತಣ್ಣಗಿರುವ ಕೋಣೆ.

“ದೇವರಿಗೆ ಹಾಲ್‌ನಲ್ಲಿ ಶೂ ಸ್ಟ್ಯಾಂಡ್ ಮೇಲೆ ಒಂದು ಚೆಂದದ ಮಂಟಪ ಇಡೋಣ,” ಅಂದರು ಭಾವ.

“ಶೂ ಸ್ಟ್ಯಾಂಡ್ ಮೇಲಾ?” ಅಂದೆ ನಾನು.

“ಅದಕ್ಕೆ ಬಾಗಿಲಿದೆಯಲ್ಲಮ್ಮಾ. ಶೂಸ್ ಕಾಣೋದೇ ಇಲ್ಲ.”

ಅಕ್ಕ ದೀಪದ ಬತ್ತಿ ಹೊಸೆಯುತ್ತಾ ಕೂತಳು. ಏರ್‌ಕಾನಿನವನು ಬಂದು ಗೋಡೆ ಅಳೆದು ಹೋದ. ಮುದುಕನಿಗೆ ತೋರಿಸಲು ಫೋಟೊ ಬೇಕೆಂದು ಭಾವ ದೇವರುಗಳನ್ನು ಒಂದೊಂದಾಗಿ ಎತ್ತಿ ಶೂ ಸ್ಟ್ಯಾಂಡಿಗೆ ಸಾಗಿಸಿ, ಬರಿದಾದ ಗೂಡನ್ನು ಎಲ್ಲ ಮೂಲೆಗಳಿಂದ ಕ್ಲಿಕ್ಕಿಸಿದರು. ಏಜೆನ್ಸಿ ಸಿಕ್ಕರೆ ದೇವರುಗಳು ಅಲ್ಲೇ ಕಾಯಂ. ಇಟಲಿಗೆ ಹೊರಡುವ ದಿನ ಬೆಳಿಗ್ಗೆ ಅಕ್ಕ ಮುಂಬಾಗಿಲಲ್ಲಿ, ಹೋಗುವವರು ಬರುವವರ ಕಾಲಬುಡದಲ್ಲಿ ನಿಂತುಕೊಂಡೇ ದೀಪ ಹಚ್ಚಿದಳು.

ಅಕ್ಕನೂ ನಾನೂ ಜೊತೆಗೆ ಹೋದದ್ದು ಏಕೆಂದರೆ, ಇಟಲಿಯವರು ಕುಟುಂಬವಂತರನ್ನು ಮೆಚ್ಚುತ್ತಾರೆ ಎಂದು ಭಾವ ಎಲ್ಲೋ ಕೇಳಿದ್ದರು. ಹೀಗಾಗಿ ಅಕ್ಕ ಪ್ರದರ್ಶನಕ್ಕೆ, ನಾನು ಹಡಗಿನ ಪ್ರಶ್ನೆಗಳಿಗೆ. ವಿಮಾನದಲ್ಲಿ ನನಗೆ “ಲಾಜಿಸ್ಟಿಕ್ಸ್ ಡೈರೆಕ್ಟರ್” ಎಂದು ಬಡ್ತಿ ಕೊಟ್ಟರು. ಅಕ್ಕನಿಗೆ ಕೊಟ್ಟದ್ದು ಎಚ್ಚರಿಕೆಗಳು: ಚಟ್ನಿಪುಡಿ ಸೂಟ್‌ಕೇಸಿನಿಂದ ಹೊರಗೆ ಬರಕೂಡದು, ತಲೆಗೆ ಎಣ್ಣೆ ಹಚ್ಚಕೂಡದು, ಕೇಳದಿದ್ದರೆ ಮಾತಾಡಕೂಡದು.

ಮುದುಕನ ಮನೆ ಗುಡ್ಡದ ನೆತ್ತಿಯಲ್ಲಿತ್ತು. ಸುತ್ತ ದ್ರಾಕ್ಷಿಯ ಬಳ್ಳಿಗಳು, ನಮ್ಮ ಕಡೆ ಹುರುಳಿಕಾಯಿಗೆ ಕೋಲು ಕೊಟ್ಟ ಹಾಗೆ ಸಾಲುಸಾಲಾಗಿ. ಬಾಗಿಲು ತೆರೆದದ್ದು ಅವನ ಮಗಳು. ಇಂಗ್ಲಿಷ್ ಬರುತ್ತಿದ್ದದ್ದು ಅವಳೊಬ್ಬಳಿಗೇ. ಅಪ್ಪ ನೆಲ ತೊಳೆಯುತ್ತಿದ್ದಾರೆ, ಒಣಗುವವರೆಗೂ ಕಾಯಬೇಕು ಅಂದಳು. ಕಾದೆವು. ಭಾವ ಕೈಕಟ್ಟಿಕೊಂಡು, ಮುಖದಲ್ಲಿ ಭಕ್ತಿ ತುಂಬಿಕೊಂಡು ನಿಂತರು. ನಮ್ಮ ಮನೆಯಲ್ಲಿ ಅಕ್ಕ ನೆಲ ಒರೆಸಿ “ಸ್ವಲ್ಪ ತಾಳಿ ರೀ” ಅಂದರೆ, ಬೇಕೆಂದೇ ಒದ್ದೆಯ ಮೇಲೆ ನಡೆದು ಹೋಗುವ ಪುಣ್ಯಾತ್ಮರು ಇವರು.

ಆಮೇಲೆ ಮುದುಕ ಬಂದ. ಕಡ್ಡಿಯಂಥ ಆಳು, ನೀಲಿ ಕೋಟು, ಒತ್ತಿ ಕತ್ತರಿಸಿದ ಉಗುರು. ನಮಸ್ಕಾರ ಇಲ್ಲ, ನಗು ಇಲ್ಲ. ಪೀಪಾಯಿ ಮುಟ್ಟಬೇಡಿ, ಗೋಡೆ ಮುಟ್ಟಬೇಡಿ, ಒಳಗೆ ಸೀನಬೇಡಿ, ಜೋರಾಗಿ ಮಾತಾಡಬೇಡಿ. ಮಗಳು ಒಂದೊಂದನ್ನೇ ಇಂಗ್ಲಿಷಿಗೆ ಇಳಿಸುತ್ತಿದ್ದಳು. ನನಗೆ ನಮ್ಮಜ್ಜಿಯ ನೆನಪಾಯಿತು. ಹಗ್ಗದ ಮೇಲೆ ಒಣಗಿದ ಮಡಿ ಸೀರೆಯನ್ನು ಕೋಲಿನಲ್ಲೇ ಎತ್ತಿಕೊಂಡು, ನಾವು ಹತ್ತಿರ ಸುಳಿದರೆ “ಮುಟ್ಟಬೇಡ್ವೇ, ಮುಟ್ಟಬೇಡ್ವೇ” ಎಂದು ಇಡೀ ಬೀದಿಗೆ ಕೇಳುವಂತೆ ಕಿರುಚುತ್ತಿದ್ದಳು. ಆ ಮಡಿಯಿಂದ ತಪ್ಪಿಸಿಕೊಂಡು ಸಮುದ್ರ ದಾಟಿ ಸಿಂಗಪುರ ಸೇರಿದವಳು ನಾನು. ಹುಳಿ ಬಂದ ದ್ರಾಕ್ಷಿರಸಕ್ಕೆ ಮಡಿ ಮಾಡುವವನ ಮನೆಗೆ ಬಂದು ಮತ್ತೆ ಸಿಕ್ಕಿಬಿದ್ದೆ.

ವೈನನ್ನು ಒಂದು ಪೀಪಾಯಿಯಿಂದ ಇನ್ನೊಂದಕ್ಕೆ ಚಂದ್ರ ಕ್ಷೀಣಿಸುವಾಗ ಮಾತ್ರ ಇಳಿಸುತ್ತೇನೆ ಎಂದ ಮುದುಕ. ಬೆಳೆಯುವ ಚಂದ್ರನಲ್ಲಿ ಮುಟ್ಟಿದರೆ ವೈನು ಕದಡುತ್ತದಂತೆ.

“ವಾಟ್ ಎ ಟ್ರೆಡಿಷನ್!” ಎಂದು ಭಾವ ಕರಗಿ ನೀರಾದರು. ಅಮಾವಾಸ್ಯೆ ದಿನ ಹೊಸ ಕಾರು ತರಬಹುದಾ ಎಂದು ಕೇಳಿದ ಅಕ್ಕನನ್ನು ಹತ್ತು ಜನರೆದುರು “ನಮ್ಮನೇಲಿ ಒಂದು ಪಂಚಾಂಗ ಸೀರೆ ಉಟ್ಟುಕೊಂಡು ಓಡಾಡುತ್ತೆ” ಎಂದು ಗೇಲಿ ಮಾಡಿದ್ದವರು ಇವರೇ. ಹಿತ್ತಲ ಗಿಡ ಮದ್ದಲ್ಲ. ಅದೇ ಗಿಡ ಇಟಲಿಯಲ್ಲಿ ಬೆಳೆದರೆ ಸಂಜೀವಿನಿ.

ಅಲ್ಲಿಂದ ನೆಲಮಾಳಿಗೆಯ ಬಾಗಿಲಿಗೆ ಬಂದೆವು. ಮುದುಕ ಬಾಗಿಲಿಗೆ ಅಡ್ಡ ನಿಂತು, ಒಬ್ಬೊಬ್ಬರ ಹತ್ತಿರ ಬಂದು ಗಾಳಿ ಮೂಸಿದ. ನನ್ನನ್ನು ಬಿಟ್ಟ. ಅಕ್ಕನನ್ನು ಬಿಟ್ಟ, ಅವಳು ಒಗೆದ ನೂಲಿನ ಸೀರೆ ಉಟ್ಟು, ಕಡಲೆಹಿಟ್ಟು ಹಚ್ಚಿ ಮೈ ತೊಳೆದವಳು. ಭಾವನ ಹತ್ತಿರ ಬಂದವನೇ ಅಂಗೈ ಎತ್ತಿ ತಡೆದ. ಮಗಳು ಸಂಕೋಚದಿಂದ, “ಸುಗಂಧ ಹೊರಗಿರಬೇಕಂತೆ, ಸರ್,” ಅಂದಳು. ಭಾವ ಬೆಳಿಗ್ಗೆ ಕೊಲೋನ್ ಬಳಿದುಕೊಂಡಿದ್ದರು. ಇಂಗು, ಮಲ್ಲಿಗೆ, ಕಾಫಿ ಎಲ್ಲವೂ ವಾಸನೆ. ತಾವು ಬಳಿದುಕೊಂಡದ್ದು ಮಾತ್ರ ಜಂಟಲ್‌ಮನ್ ಲಕ್ಷಣ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ಬಚ್ಚಲಿಗೆ ಬಿತ್ತು. ಅಂಗಳದ ಕಲ್ಲುಬೆಂಚಿನ ಮೇಲೆ, ಮನೆಯ ನಾಯಿಯ ಪಕ್ಕ, ಇಟಲಿಯ ಬಿಸಿಲಿನಲ್ಲಿ ಅವರನ್ನು ಕೂರಿಸಿ ನಾವು ಒಳಗೆ ಹೋದೆವು.

ಒಳಗೆ ಕತ್ತಲು, ತಂಪು, ಇಳಿಯುವ ಕಲ್ಲಿನ ಮೆಟ್ಟಿಲು. ಕೆಳಗೆ ಗೋಡೆಯ ಗೂಡಿನಲ್ಲಿ ಯಾರೋ ಸಂತನ ಚಿಕ್ಕ ಮೂರ್ತಿ, ಅದರ ಮುಂದೆ ಒಂದು ಪುಟ್ಟ ದೀಪ. ಅಕ್ಕ ಮೆಟ್ಟಿಲಿನ ತಲೆಯಲ್ಲೇ ಚಪ್ಪಲಿ ಬಿಟ್ಟಳು. ಯಾರೂ ಬಿಡಿ ಎಂದಿರಲಿಲ್ಲ. ಕತ್ತಲು, ತಂಪು, ದೀಪ ಎಂದರೆ ಅವಳ ಕಾಲಿಗೆ ಗೊತ್ತಿದ್ದದ್ದು ಅದೊಂದೇ. ಮುದುಕ ಅವಳ ಬರಿಗಾಲನ್ನು ಒಮ್ಮೆ ನೋಡಿ ಮುಂದೆ ನಡೆದ.

ದೊಡ್ಡ ಪೀಪಾಯಿಯೊಂದರ ಬಿರಡೆ ತೆಗೆದು, ಉದ್ದನೆಯ ಗಾಜಿನ ಕೊಳವೆ ಇಳಿಸಿ, ಮೇಲಿನ ತೂತಿಗೆ ಹೆಬ್ಬೆರಳು ಒತ್ತಿ ವೈನು ಎತ್ತಿದ. ಲೋಟಕ್ಕೆ ಬಿಟ್ಟು ತಾನು ಗುಟುಕರಿಸಿದ, ಮಗಳಿಗೆ ಕೊಟ್ಟ, ಅವಳು ಗುಟುಕರಿಸಿ ನನಗೆ ಕೊಟ್ಟಳು. ಆ ಮನೆಯ ಪದ್ಧತಿ ಅದು, ಎಲ್ಲರಿಗೂ ಒಂದೇ ಲೋಟ. ನಾನು ಕುಡಿದೆ. ಚಪ್ಪಲಿಯೂ ಇಲ್ಲ, ಕೆಸರೂ ಇಲ್ಲ; ನೇರಳೆ ಹಣ್ಣು ತಿಂದರೆ ನಾಲಿಗೆ ಹಿಡಿದುಕೊಳ್ಳುತ್ತದಲ್ಲ, ಆ ಒಗರು. ಲೋಟ ಅಕ್ಕನ ಕಡೆ ಹೋಯಿತು.

“ಎಂಜಲು ಕಣೇ,” ಎಂದು ನನ್ನ ಕಿವಿಯಲ್ಲಿ ಅಂದು ಅಕ್ಕ ಹಿಂದೆ ಸರಿದಳು.

ಲೋಟ ಚೊಕ್ಕಟವಿಲ್ಲ ಎಂದು ಈಕೆ ಹಿಂಜರಿದಳು ಎಂದುಕೊಂಡನೋ ಏನೋ, ಮುದುಕ ಹುಬ್ಬು ಗಂಟಿಕ್ಕಿ ಕೊಳವೆಯನ್ನು ಮತ್ತೆ ಇಳಿಸಿ ಎತ್ತಿದ. ಬೇರೆ ಲೋಟಕ್ಕಾಗಿ ಮಗಳ ಕಡೆ ತಿರುಗುವಷ್ಟರಲ್ಲಿ ಅಕ್ಕನ ಕೈ ಮುಂದೆ ಬಂದಿತ್ತು. ಬಲ ಅಂಗೈ ಗುಳಿ ಮಾಡಿ, ಕೆಳಗೆ ಎಡಗೈ ಕೊಟ್ಟು, ನಡುವೆ ಸೆರಗಿನ ಅಂಚು. ತಲೆ ತುಸು ಬಾಗಿಸಿ ನಿಂತಿದ್ದಳು. ದೇವಸ್ಥಾನದಲ್ಲಿ ತೀರ್ಥಕ್ಕೆ ನಿಲ್ಲುವ ಹಾಗೆ. ಅವಳ ಬುದ್ಧಿ ಅಲ್ಲಿರಲಿಲ್ಲ, ಕೈ ತಾನಾಗಿ ಬಂದಿತ್ತು.

ಮುದುಕ ಅವಳ ಕೈಯನ್ನೇ ನೋಡಿದ. ಬೈಯುತ್ತಾನೆ ಎಂದುಕೊಂಡೆ. ಅವನು ಕೊಳವೆಯನ್ನು ಅವಳ ಅಂಗೈ ಮೇಲೆ ಹಿಡಿದು, ಹೆಬ್ಬೆರಳನ್ನು ಕೂದಲೆಳೆಯಷ್ಟು ಸಡಿಲಿಸಿದ. ನಾಲ್ಕು ಹನಿ ಬಿತ್ತು. ಅಕ್ಕ ಕುಡಿದು, ಒದ್ದೆ ಕೈಯನ್ನು ತಲೆಗೆ ಒರೆಸಿಕೊಂಡಳು.

ಕುಡಿದದ್ದು ಎಲ್ಲರಿಗೂ ತಾನಾಗಿ ತಲೆಗೇರುತ್ತದೆ, ನಮ್ಮಕ್ಕ ಕೈಯಾರೆ ಏರಿಸಿಕೊಂಡಳು. ನಾನು ನಗು ತಡೆಯಲು ಸೆರಗಿಲ್ಲದೆ ಕರವಸ್ತ್ರ ಬಾಯಿಗೆ ತುರುಕಿಕೊಂಡೆ. ಅಷ್ಟರಲ್ಲಿ ಅವಳಿಗೂ ಎಚ್ಚರವಾಯಿತು. “ಅಯ್ಯೋ, ಏನು ಮಾಡಿಬಿಟ್ಟೆನೇ!” ಎಂದು ನನ್ನ ತೋಳು ಹಿಂಡಿದಳು. ಮುದುಕ ನಗಲಿಲ್ಲ. ಬಿರಡೆ ಮುಚ್ಚಿ, ಅದರ ಸುತ್ತ ಬಟ್ಟೆಯಲ್ಲಿ ಒರೆಸಿ, ಮೆಟ್ಟಿಲು ಹತ್ತುವಾಗ ಅಕ್ಕನನ್ನು ಮುಂದೆ ಬಿಟ್ಟ.

ಮೇಲೆ ಅಡುಗೆಮನೆಯ ಮೇಜಿನ ಸುತ್ತ ಕೂತೆವು. ಭಾವನನ್ನೂ ಕರೆದರು, ಮೇಜಿನ ಆ ತುದಿಯಲ್ಲಿ, ತೆರೆದ ಕಿಟಕಿಯ ಬಳಿ ಅವರಿಗೆ ಕುರ್ಚಿ. ಮುದುಕ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: ನಿಮ್ಮ ಬಂದರಿನಲ್ಲಿ ಕಂಟೇನರು ಬಿಸಿಲಿನಲ್ಲಿ ನಿಲ್ಲುತ್ತದೆಯೇ? ತಣ್ಣನೆಯ ಕಂಟೇನರಾದರೆ ಕರೆಂಟು ಕೊಟ್ಟು ನಿಲ್ಲಿಸುತ್ತೇವೆ ಅಂದೆ. ತಲೆಯಾಡಿಸಿದ. ಆಮೇಲೆ ಭಾವ ತಮ್ಮ ಫೋಟೊಗಳನ್ನು ಹರಡಿದರು. ಮುದುಕ ಒಂದನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ ಏನೋ ಕೇಳಿದ.

“ಈ ಕೋಣೆಯಲ್ಲಿ ಈಗ ಏನಿದೆ ಅಂತ ಅಪ್ಪ ಕೇಳ್ತಿದ್ದಾರೆ,” ಅಂದಳು ಮಗಳು ಇಂಗ್ಲಿಷಿನಲ್ಲಿ.

“ನಥಿಂಗ್. ಎಂಪ್ಟಿ ಸ್ಟೋರ್ ರೂಮ್,” ಅಂದರು ಭಾವ.

ಮುದುಕ ಫೋಟೊವನ್ನು ಅಕ್ಕನ ಮುಂದೆ ಸರಿಸಿದ. ಮನೆಯ ವಾಸನೆ ಹೆಂಗಸಿಗೆ ಗೊತ್ತು, ಈ ಕೋಣೆಯ ವಾಸನೆ ಏನು ಎಂದು ಆಕೆಯೇ ಹೇಳಲಿ ಅಂದ.

ಭಾವ ಮುಖದ ನಗು ಅಳಿಸದೆ, ಕನ್ನಡದಲ್ಲಿ, “ಏನೂ ಇಲ್ಲ ಅನ್ನು. ನಥಿಂಗ್ ಅಂದ್ರೆ ಸಾಕು,” ಅಂದರು.

ಅಕ್ಕ ಫೋಟೊ ನೋಡಿದಳು. ಹಲಗೆಯ ಮೇಲೆ ದೀಪ ಇಟ್ಟಿದ್ದ ಕಡೆ ಎಣ್ಣೆಯ ಕಲೆ ಹಾಗೇ ಇತ್ತು.

“ಕ್ಯಾಂಫರ್,” ಅಂದಳು. “ಡೈಲಿ. ಮಾರ್ನಿಂಗ್, ಈವ್ನಿಂಗ್.”

“ಏಯ್,” ಅಂದರು ಭಾವ.

“ಆಯಿಲ್ ಲ್ಯಾಂಪ್. ಅಗರಬತ್ತಿ. ಜಾಸ್ಮಿನ್.” ಅಕ್ಕ ಉಸಿರು ತೆಗೆದುಕೊಂಡಳು. “ಫ್ರೈಡೇ, ಸಾಂಬ್ರಾಣಿ. ಬಿಗ್ ಸ್ಮೋಕ್.” ಹೊಗೆ ಎಷ್ಟೆತ್ತರ ಎಂದು ಕೈ ಎತ್ತಿ ತೋರಿಸಿದಳು.

ಸಾಂಬ್ರಾಣಿ ಎನ್ನುವುದು ಆ ಮನೆಯ ಹೊಸ್ತಿಲು ದಾಟಿರಲೇ ಇಲ್ಲ. ಅಕ್ಕ ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು, ಅದೂ ಬಾರದ ಇಂಗ್ಲಿಷಿನಲ್ಲಿ. ಕರ್ಪೂರ ಎನ್ನುವ ಮಾತು ಮಗಳ ಬಾಯಿಂದ ಹೊರಬಿದ್ದದ್ದೇ ಮುದುಕ ಹಾವು ತುಳಿದವನ ಹಾಗೆ ಎದ್ದು ನಿಂತ. ಅವನಿಗೆ ದೇವರ ಮೇಲೆ ಮಮತೆ ಉಕ್ಕಿತು ಎಂದು ಯಾರೂ ತಿಳಿಯಬೇಡಿ. ಅವನ ಕಾಳಜಿಯೆಲ್ಲ ಬಾಟಲಿಯ ಬಿರಡೆಯೊಳಕ್ಕೆ ಕರ್ಪೂರದ ವಾಸನೆ ಇಳಿಯುತ್ತದಲ್ಲ ಎಂದು. ಭಾವ ಹೊಸ ಪೇಂಟು ಹೊಡೆಸುತ್ತೇನೆ ಅಂದರು. ಗೋಡೆ ಕುಡಿದದ್ದನ್ನು ಬಿಡುವುದಿಲ್ಲ ಎಂದ ಮುದುಕ. ಬೇರೆ ಗೋದಾಮು ಹಿಡಿಯುತ್ತೇನೆ ಅಂದರು. ಮುದುಕ ಫೋಟೊಗಳನ್ನು ಅಂಚು ಕೂಡಿಸಿ ಜೋಡಿಸಿ ವಾಪಸು ಕೊಟ್ಟು, ಎರಡೇ ಮಾತು ಆಡಿದ.

ಮಗಳು ಅದನ್ನು ಮೇಜು ನೋಡಿಕೊಂಡು ಹೇಳಿದಳು: “ಇವರು ಏನೂ ಇಲ್ಲ ಅಂದಿದ್ದರು.”

ಅಲ್ಲಿಗೆ ಏಜೆನ್ಸಿ ಮುಗಿಯಿತು. ನನಗೆ ಸಂತೋಷವಾಯಿತು, ಮುಚ್ಚಿಡುವುದೇನು. ಅಂಗಳ ದಾಟುವಾಗ ಭಾವನ ಬೋಳುನೆತ್ತಿ ಬಿಸಿಲಿಗೆ ಕೆಂಪಾಗಿದ್ದದ್ದು ಕಂಡು ಒಂದು ಗಳಿಗೆ ಪಾಪ ಅನ್ನಿಸಿತು. ಕಾರಿನಲ್ಲಿ ಕೂತು ಅವರು ಆ ಮುದುಕನನ್ನು ಹಳ್ಳಿ ಗಮಾರ ಎಂದು ಕರೆದ ಮೇಲೆ ಅದೂ ಹೋಯಿತು. ಚಾಂಗಿ ವಿಮಾನ ನಿಲ್ದಾಣದಲ್ಲಿ ಇಳಿಯುವ ಹೊತ್ತಿಗೆ ಆ ಮನೆಯ ವೈನೇ ಹುಳಿ, ಅದಕ್ಕೆ ಫ್ಯೂಚರ್ ಇಲ್ಲ ಎಂದು ತೀರ್ಮಾನವಾಗಿತ್ತು. ಎಟುಕದ ದ್ರಾಕ್ಷಿ ಹುಳಿ ಎನ್ನುವ ಗಾದೆಯನ್ನು ನಿಜವಾದ ದ್ರಾಕ್ಷಿಯ ಮೇಲೆಯೇ ಪ್ರಯೋಗಿಸಿದ ಮಹಾನುಭಾವರನ್ನು ನಾನು ಕಂಡದ್ದು ಇವರೊಬ್ಬರನ್ನೇ. ಅಕ್ಕನ ಜೊತೆ ಮಾತ್ರ ದಾರಿಯುದ್ದಕ್ಕೂ ಒಂದು ಮಾತಿಲ್ಲ.

ಮನೆ ಸೇರಿ ಸೂಟ್‌ಕೇಸು ಇಳಿಸಿದವಳೇ ಅಕ್ಕ ಸ್ನಾನ ಮಾಡಿ ಬಂದು, ಶೂ ಸ್ಟ್ಯಾಂಡಿನ ಮೇಲಿದ್ದ ದೇವರುಗಳನ್ನು ಒಬ್ಬೊಬ್ಬರನ್ನಾಗಿ ಒಳಗೆ ಸಾಗಿಸತೊಡಗಿದಳು. ನಾನು ದೀಪದ ಕಂಬಗಳನ್ನು ಎತ್ತಿಕೊಂಡು ಹಿಂದೆ ಹೋದೆ. ಅಷ್ಟು ಹೊತ್ತು ತಡೆದಿಟ್ಟುಕೊಂಡಿದ್ದ ಭಾವ ಹಾಲಿನ ನಡುವೆ ನಿಂತು ಸಿಡಿದರು.

“ನನ್ನ ಲೈಫಿನ ಒಂದೇ ಒಂದು ಚಾನ್ಸ್ ಅದು. ದೇವರಿಗೆ ಇದೇ ಜಾಗ ಆಗ್ಬೇಕಿತ್ತಾ? ಅಷ್ಟೊಂದು ಭಕ್ತಿನಾ ನಿನಗೆ?”

ನಾನು ಬಾಯಿ ತೆರೆದೆ. ನನ್ನ ಹತ್ತಿರ ಉತ್ತರಗಳಿಗೆ ಬರವೇ? ಅಕ್ಕ ಕೈಯೆತ್ತಿ ನನ್ನನ್ನು ಸುಮ್ಮನಿರಿಸಿದಳು. ಅವಳ ಇನ್ನೊಂದು ಕೈಯಲ್ಲಿ ಗಣಪತಿ ಇದ್ದ.

“ದೇವರಿಗೇನು ರೀ, ಎಲ್ಲಿಟ್ರೂ ಇರ್ತಾನೆ,” ಅಂದಳು. ದನಿ ಏರಿಸಲಿಲ್ಲ. “ಶೂ ಸ್ಟ್ಯಾಂಡ್ ಮೇಲೆ ಇಟ್ರೂ ಇರ್ತಾನೆ. ಈ ಮನೇಲಿ ನಾನು ಬಾಗಿಲು ಹಾಕ್ಕೊಂಡು ಕೂತ್ರೆ ನೀವು ಯಾಕೆ ಅಂತ ಕೇಳದೇ ಇರೋ ಜಾಗ ಇದೊಂದೇ. ಇದನ್ನೂ ತಗೊಂಡ್ರೆ ನಾನೆಲ್ಲಿರ್ಲಿ?”

ಭಾವ ನನ್ನ ಮುಖ ನೋಡಿದರು. ನಾನು ದೀಪದ ಕಂಬಗಳನ್ನು ಮಣೆಯ ಪಕ್ಕ ಇಟ್ಟು ಹೊರಗೆ ಬಂದೆ. ಅಕ್ಕ ಒಳಗೆ ಹೋಗಿ ಬಾಗಿಲು ಎಳೆದುಕೊಂಡಳು.